ಏಣಿ ಹತ್ತುವ ಕಾಲು

ಆ ಪ್ರಯೋಗಾಲಯದಲ್ಲಿ ಬೇರೆ ಏನು ತಪ್ಪಿದರೂ ನಡೆಯುತ್ತಿತ್ತು, ಸುದ್ದಿ ಮಾತ್ರ ತಪ್ಪುವ ಹಾಗಿರಲಿಲ್ಲ. ಬಾಗಿಲ ಹಿಡಿ ಕಿತ್ತುಬಂದು ಯಾವ ಕಾಲವಾಯಿತೋ, ಸ್ಕ್ರೂಡ್ರೈವರ್ ತೂರಿಸಿ ತೆಗೆಯುತ್ತಿದ್ದರು. ಕಿಟಕಿ ಪಕ್ಕದ ಮೇಜು ಕುಂಟುತ್ತದೆಂದು ಅದರ ಕಾಲಿನಡಿ ಯಾರದೋ ಹಳೆಯ ಪ್ರಬಂಧವನ್ನು ಮಡಚಿ ಇಟ್ಟಿದ್ದರು. ಆದರೆ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ‘ನಮ್ಮ ಪ್ರಯೋಗಾಲಯದಿಂದ’ ಎಂಬ ಪುಟ ವಾರ ವಾರ ತುಂಬಲೇಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು! ಯಾರಾದರೂ ಬಂದರೆ ಸುದ್ದಿ, ಬರುತ್ತೇನೆಂದರೆ ಸುದ್ದಿ, ಯಾರೂ ಬಾರದಿದ್ದರೆ ಎಲ್ಲರೂ ಸಾಲಾಗಿ ನಿಂತು ಹಲ್ಲು ಕಿರಿದರೆ ಅದೂ ಸುದ್ದಿ. ಇದಕ್ಕೆಂದೇ ವಿಭಾಗದಲ್ಲಿ ಒಬ್ಬಾಕೆ ಇದ್ದಳು. ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ಓಡಾಡುವ ಅವಳನ್ನು ವಿದ್ಯಾರ್ಥಿಗಳು ಸುದ್ದಿಯಕ್ಕ ಎನ್ನುತ್ತಿದ್ದರು. ಕೆಟ್ಟವಳಲ್ಲ ಪಾಪ, ಅವಳಿಗೂ ಮೇಲಿನವರ ಕಾಟ.

ಇಂಥ ಪ್ರಯೋಗಾಲಯದಲ್ಲಿ ಸಂಶೋಧನಾ ಡಿಗ್ರಿಗೆಂದು ಕೃತಕ ಪಾದ ಮಾಡುತ್ತಿದ್ದವಳು ನಮ್ಮ ಪುಟ್ಟಿ. ಅಲ್ಲಿಯವರ ಬಾಯಲ್ಲಿ ಅವಳು ಕೀಲಮ್ಮ. ಬೆಳಗಿನಿಂದ ಸಂಜೆಯವರೆಗೆ ಪಾದದ ಕೀಲಿನದೇ ಜಪ ಮಾಡುವವಳನ್ನು ಇನ್ನೇನೆಂದಾರು? ಮನೆಯಲ್ಲಿ ಪುಟ್ಟಿ, ನಾವೂ ಹಾಗೇ ಅನ್ನೋಣ. ಮೊಣಕಾಲಿನ ಕೆಳಗೆ ಕಾಲು ಕಳೆದುಕೊಂಡವರಿಗೆ ಆಸ್ಪತ್ರೆಯವರು ಕೊಡುವ ಕಾಲು ನಿಲ್ಲಲು ಸಾಕು, ಸಮನೆಲದಲ್ಲಿ ನಡೆಯಲೂ ಸಾಕು. ಆದರೆ ಅದರ ಪಾದ ಬಾಗುವುದಿಲ್ಲ, ಕೊರಡಿನಂತೆ ಸೆಟೆದುಕೊಂಡೇ ಇರುತ್ತದೆ. ಪುಟ್ಟಿ ಮಾಡಿದ ಪಾದಕ್ಕೆ ಕೀಲಿತ್ತು, ಕೀಲಿಗೊಂದು ಸಣ್ಣ ಮೋಟಾರಿತ್ತು, ಆ ಮೋಟಾರಿಗೆ ಬುದ್ಧಿ ಹೇಳಲು ಒಂದು ಚಿಪ್ಪಿತ್ತು. ಹಾಕಿಕೊಂಡವರು ನಡೆದ ಹಾಗೆಲ್ಲ ಅದು ಅವರ ನಡಿಗೆಯನ್ನು ಕಲಿಯುತ್ತಿತ್ತು. ಅಲ್ಲಿ ಇದಕ್ಕೆ ಪಾಠ ಹೇಳಿಸುವುದು ಎನ್ನುತ್ತಿದ್ದರು. ನಡೆಸಬೇಕು, ತಿದ್ದಬೇಕು, ಮತ್ತೆ ನಡೆಸಬೇಕು; ತಿಂಗಳುಗಟ್ಟಲೆ ಇದೇ ಕೆಲಸ. ಒಂದು ಪಾದಕ್ಕೆ ಒಬ್ಬರದೇ ಪಾಠ. ಇನ್ನೊಬ್ಬರಿಗೆ ತೊಡಿಸಬೇಕಾದರೆ ಮೊದಲಿನವರದನ್ನು ಪೂರ್ತಿ ಅಳಿಸಬೇಕು, ಇಲ್ಲದಿದ್ದರೆ ಮೂರನೆಯ ಹೆಜ್ಜೆಗೆ ಮುಗ್ಗರಿಸುವುದು ಖಂಡಿತ.

ಪಾಠ ಹೇಳಿಸಲು ಕಾಲಿಲ್ಲದವರೊಬ್ಬರು ಬೇಕಲ್ಲ? ಮೊದಲು ಒಬ್ಬ ನಿವೃತ್ತ ಗುಮಾಸ್ತರು ಬಂದರು. ಎರಡು ಸಲ ನಡೆದು, ಬೆವರೊರೆಸಿಕೊಂಡು, “ನನಗೆ ನನ್ನ ಕೋಲೇ ಸಾಕಮ್ಮಾ” ಎಂದು ಕೈಮುಗಿದು ಹೋದರು. ಆಮೇಲೆ ಬಂದ ಹೆಂಗಸನ್ನು ಮಗ ಬಿಡಿಸಿದ. ಮೂರನೆಯವನಂತೂ ಚಹಾ ಕುಡಿಯಲು ಬಂದವನ ಹಾಗೆ ಬಂದು ಹೋದ. ಪುಟ್ಟಿಯ ಕಾಲ ಮಿಂಚುತ್ತಿತ್ತು. ಅವಳ ಜೊತೆ ಸೇರಿದವರೆಲ್ಲ ಡಿಗ್ರಿ ಪಡೆದು ಹೋಗಿ, ಮದುವೆ ಮಕ್ಕಳು ಎಂದು ಫೋಟೊ ಕಳಿಸುತ್ತಿದ್ದರು. ಕೊನೆಗೆ ಅವಳು ಕರೆತಂದದ್ದು ಅಣ್ಣನನ್ನು. ದೂರದ ಅಣ್ಣನಲ್ಲ, ಒಡಹುಟ್ಟಿದವನು.

ಇದು ಅಲ್ಲಿ ಮಾಡಬಾರದ ಕೆಲಸ. ರಕ್ತಸಂಬಂಧಿಗಳ ಮೇಲೆ ಪರೀಕ್ಷೆ ಮಾಡುವಂತಿಲ್ಲ. “ಕರುಳು ಎಳೆಯೋ ಕಡೆ ಅಳತೆ ನೆಟ್ಟಗೆ ನಿಲ್ಲಲ್ಲ” ಎಂದು ಪ್ರೊಫೆಸರ್ ಪ್ರತಿ ವರ್ಷ ಹೊಸಬರಿಗೆ ಹೇಳುತ್ತಿದ್ದರು. ಗೊತ್ತಾದರೆ ಅಷ್ಟೂ ವರ್ಷದ ಅಳತೆ ಕಸದ ಬುಟ್ಟಿಗೆ, ವಿದ್ಯಾರ್ಥಿ ಮನೆಗೆ. ಪುಟ್ಟಿ ಇದನ್ನೆಲ್ಲ ಬಲ್ಲವಳೇ. ಬಲ್ಲವಳಾಗಿಯೇ, “ನಮ್ಮ ಕಡೆಯ ಒಬ್ಬ ಪೇಂಟರ್ ಸರ್, ಯಾರೋ ಹೇಳಿ ಕಳಿಸಿದ್ರು” ಎಂದು ಪರಿಚಯಿಸಿದಳು. ಅವನದು ಅಮ್ಮನ ಮುಖ, ಇವಳದು ತೀರಿಕೊಂಡ ಅಪ್ಪನದು. ಯಾರಿಗೂ ಅನುಮಾನ ಬರಲಿಲ್ಲ.

“ಅಲ್ಲಿ ನಾನು ನಿಂಗೆ ಮೇಡಂ. ಬಾಯಿ ತಪ್ಪಿ ಪುಟ್ಟಿ ಗಿಟ್ಟಿ ಅಂದ್ಯೋ, ನನ್ನ ಕಥೆ ಮುಗೀತು” ಎಂದು ಹಿಂದಿನ ದಿನವೇ ಹೇಳಿದ್ದಳು.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. “ಸಿಂಬಳ ಒರೆಸಿದ ಕೈಯಲ್ಲೇ ನಿಂಗೆ ಸಲಾಮು ಹೊಡೀಬೇಕಾ? ಆಗ್ಲಿ ಮೇಡಮ್ಮೋರೇ. ಏಣಿ ಹತ್ತೋ ಕಾಲು ಕೊಡ್ತೀಯ ಅಂದ್ರೆ ಮಹಾರಾಣಿ ಅಂತ ಬೇಕಾದ್ರೂ ಕರೀತೀನಿ.”

ಏಣಿಯೇ ಅವನ ಹೆಸರೂ ಆಗಿತ್ತು. ಎತ್ತರದ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವವರ ಪೈಕಿ ಅವನಷ್ಟು ಮೇಲೆ ಹೋಗುವವರು ಇರಲಿಲ್ಲ. ಜೊತೆಯವರು ಅವನನ್ನು ಏಣಿ ಎಂದೇ ಕೂಗುತ್ತಿದ್ದರು. ಒಂದು ದಿನ ಬಿಗಿಯಾಗಿ ಕಟ್ಟದ ಅಟ್ಟಣಿಗೆ ಕುಸಿದು ಬಿತ್ತು, ಬಲಗಾಲು ಹೋಯಿತು. ಆಮೇಲೆ ಬಣ್ಣದಂಗಡಿಯಲ್ಲಿ ಡಬ್ಬ ಅಲ್ಲಾಡಿಸುವ ಯಂತ್ರದ ಮುಂದೆ ಸ್ಟೂಲು ಹಾಕಿಕೊಂಡು ಕೂತ. ಗಿರಾಕಿ ತೋರಿಸಿದ ಬಣ್ಣ ಬೆರೆಸಿಕೊಡುವುದು, ಮುಚ್ಚಳ ಬಡಿಯುವುದು, ಇಷ್ಟೇ ಕೆಲಸ. ಊಟಕ್ಕೇನೂ ಕೊರತೆಯಿರಲಿಲ್ಲ. ಆದರೆ ಮನುಷ್ಯ ಒಳಗೊಳಗೇ ಸೊರಗಿದ್ದ. “ಗೋಡೆಗೆ ಮೇಲಿಂದ ಬಣ್ಣ ಬಿಟ್ಕೊಂಡು ಇಳೀಬೇಕು ಕಣೇ. ಇಲ್ಲಿ ಕೂತು ಬೇರೆಯವರ ಗೋಡೆಗೆ ಬಣ್ಣ ಕಲಸೋದು ಅಂದ್ರೆ, ಹಸಿದೋನು ಕೂತು ಬಡಿಸಿದ ಹಾಗೆ” ಎನ್ನುತ್ತಿದ್ದ. ಆಸ್ಪತ್ರೆಯ ಕಾಲಿನಲ್ಲಿ ಏಣಿ ಹತ್ತಲು ಹೋಗಿ ಒಮ್ಮೆ ಬಿದ್ದು ಗಲ್ಲ ಒಡೆದುಕೊಂಡಿದ್ದ. ಏಣಿಯ ಮೆಟ್ಟಿಲ ಮೇಲೆ ಪಾದ ಬಾಗಬೇಕು, ಮುಂಗಾಲು ಹಿಡಿಯಬೇಕು. ಕೊರಡಿಗೆ ಅದು ಎಲ್ಲಿಂದ ಬರಬೇಕು?

ಪ್ರಯೋಗಾಲಯದಲ್ಲಿ ಒಂದು ಪದ್ಧತಿ ಇತ್ತು. ಪಾಠ ಮುಗಿದ ಪಾದವನ್ನು ಒಂದು ವರ್ಷ ಮನೆಬಳಕೆಗೆ ಕೊಡುತ್ತಿದ್ದರು, ದಿನನಿತ್ಯದ ಕೆಲಸದಲ್ಲಿ ಹೇಗೆ ಬಾಳುತ್ತದೆಂದು ನೋಡಲು. ಯಾರಿಂದ ಪಾಠ ಹೇಳಿಸಿದರೋ ಸಾಮಾನ್ಯವಾಗಿ ಅವರಿಗೇ. ವರ್ಷವಾದ ಮೇಲೆ ಅದನ್ನು ವಾಪಸು ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ. ಅಣ್ಣ ತಂಗಿ ಕಣ್ಣಿಟ್ಟಿದ್ದು ಇದರ ಮೇಲೆ. ಅಂಗಡಿಯಿಂದ ಅಪ್ಪಣೆ ಪಡೆದು ಅವನು ಬರುತ್ತಿದ್ದ, ಕಾರಿಡಾರಿನಲ್ಲಿ ಹೋಗುತ್ತಿದ್ದ, ಬರುತ್ತಿದ್ದ. ಇವಳು ಪರದೆ ನೋಡುತ್ತ, “ಇನ್ನೊಂದು ಸಲ ನಡೀರಿ ಪೇಂಟರ್” ಎನ್ನುವಳು; ಅವನು, “ಆಗಲಿ ಮೇಡಂ” ಎನ್ನುವನು. ಬಿದ್ದರೆ ಓಡಿಹೋಗಿ ಎತ್ತುವ ಹಾಗಿಲ್ಲ. ನಿಯಮದಂತೆ ಸಹಾಯಕನನ್ನು ಕರೆಯಬೇಕು. ಒಂದು ದಿನ ಅವನು ಮೊಣಕೈ ತರಚಿಕೊಂಡು ಬಿದ್ದಿದ್ದಾಗ, ಇವಳು ಪೆನ್ನು ಕಚ್ಚಿಕೊಂಡು ಕೂತೇ ಇದ್ದಳು. ಮನೆಗೆ ಬಂದ ಮೇಲೆ ಆ ಮೊಣಕೈಗೆ ಮುಲಾಮು ಹಚ್ಚಿ ಹಚ್ಚಿ ಅತ್ತಳು. “ಅಯ್ಯೋ ಹುಚ್ಚಿ, ಚೆನ್ನಾಗಿ ನಟನೆ ಮಾಡಿದೆ ಬಿಡು” ಎಂದು ಅವನೇ ಸಮಾಧಾನ ಮಾಡಬೇಕಾಯಿತು.

ಒಂದು ಗುರುವಾರ ಏಣಿ ತರಿಸಿದರು. ಎರಡು ಮಹಡಿ ಎತ್ತರದ ಹಾಲಿನಲ್ಲಿ ಗೋಡೆಗೆ ಒರಗಿಸಿದರು, ಅಣ್ಣನ ಸೊಂಟಕ್ಕೆ ಹಗ್ಗ ಕಟ್ಟಿದರು. ಅವನು ಏಣಿಯನ್ನೊಮ್ಮೆ ಅಲ್ಲಾಡಿಸಿ ನೋಡಿದ, ಅಂಗೈ ಉಜ್ಜಿಕೊಂಡ, ಹತ್ತಿದ. ಪಾದ ಬಾಗಿತು, ಮುಂಗಾಲು ಊರಿತು, ಮೇಲೆತ್ತಿತು. ಮತ್ತೆ ಬಾಗಿತು. ನೋಡನೋಡುತ್ತಿದ್ದಂತೆ ತುದಿಗೆ ಹೋಗಿ, ಒಂದು ಕೈ ಬಿಟ್ಟು, ಗೋಡೆಯ ಮೂಲೆಯಲ್ಲಿದ್ದ ಜೇಡರ ಬಲೆ ಗುಡಿಸಿದ. “ಸುಣ್ಣ ಬಣ್ಣ ಕಂಡು ಎಷ್ಟು ಕಾಲ ಆಯ್ತು ಸ್ವಾಮಿ ಈ ಗೋಡೆ?” ಎಂದು ಮೇಲಿಂದಲೇ ಕೂಗಿದ. ಎಲ್ಲರೂ ಗೊಳ್ಳೆಂದು ನಕ್ಕರು. ಪುಟ್ಟಿ ಮಾತ್ರ ಪರದೆಯ ಕಡೆ ಮುಖ ತಿರುಗಿಸಿಕೊಂಡಳು. ಕಣ್ಣು ತುಂಬಿದ್ದು ಯಾರಾದರೂ ಕಂಡರೆ ಎಂಬ ಭಯ.

ಶನಿವಾರ ಕಾಲನ್ನು ಮನೆಗೆ ತರುತ್ತೇನೆಂದು ಪುಟ್ಟಿ ಹೇಳಿದ್ದೇ ತಡ, ಅವತ್ತು ಸಂಜೆಯೇ ಅಣ್ಣ ತನ್ನ ಹಳೆಯ ಮೇಸ್ತ್ರಿಗೆ ಫೋನು ಮಾಡಿದ. ಸೋಮವಾರದಿಂದ ಬರುತ್ತೇನೆ, ನನಗೊಂದು ಏಣಿ ತೆಗೆದಿಡಿ ಎಂದ. ಹೊಸ ಕಾಲನ್ನು ನೋಡಬೇಕಾದರೆ ವಿಶ್ವವಿದ್ಯಾಲಯದ ಪುಟ ತೆಗೆದು ನೋಡ್ತಾ ಇರಿ, ಇವತ್ತೋ ನಾಳೆಯೋ ನಾನು ಅದರಲ್ಲಿ ಬರ್ತೀನಿ ಎಂದು ಜಂಬವನ್ನೂ ಕೊಚ್ಚಿಕೊಂಡ. ಅಮ್ಮ, “ಮೆಲ್ಲಗೆ ಹೇಳೋ, ದೃಷ್ಟಿಯಾಗುತ್ತೆ” ಎಂದು ಗದರಿದಳು. ಆದರೆ ಅವಳ ಮುಖ ಅರಳಿತ್ತು.

ಮರುದಿನ ಪ್ರೊಫೆಸರ್ ಪುಟ್ಟಿಯನ್ನು ಕೋಣೆಗೆ ಕರೆದರು. ಅಲ್ಲಿ ಸುದ್ದಿಯಕ್ಕನೂ ಕೂತಿದ್ದಳು. ಪ್ರೊಫೆಸರ್ ರಾಕ್ಷಸರಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ರಾಕ್ಷಸರಾಗಿದ್ದರೆ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಿ ನಾವು ನೆಮ್ಮದಿಯಾಗಿರಬಹುದಿತ್ತು.

“ಕೂತ್ಕೋಮ್ಮಾ. ನಿನ್ನೆ ಚೆನ್ನಾಗಿತ್ತು. ಈಗ ಒಂದು ಮಾತು. ನಮಗೆ ಮೋಟಾರ್ ಕೊಡೋ ಕಂಪನಿಯವರು ಆ ಓಟಗಾರ ಹುಡುಗನ್ನ ಕಳಿಸ್ತೀವಿ ಅಂತಿದಾರೆ. ಕಾಲು ಹೋದ ಮೇಲೂ ಪದಕ ಗೆದ್ದೋನು, ಜನ ಗುರುತು ಹಿಡೀತಾರೆ. ಮನೆಬಳಕೆಗೆ ಅವನಿಗೇ ಕೊಟ್ಟರೆ ವಿಡಿಯೋ ನಾಲ್ಕು ಕಡೆ ಓಡುತ್ತೆ ಅಂತ ಅವರ ಲೆಕ್ಕ.”

“ಏಣಿ ಹತ್ತೋದಂತೂ ಬೇಡವೇ ಬೇಡ ಅಂದ್ರು. ನಾಳೆ ಆ ಪೇಂಟರ್ ಮೇಲಿಂದ ಬಿದ್ರೆ ಅದೂ ಸುದ್ದೀನೇ ಅಲ್ವಾ?” ಎಂದಳು ಸುದ್ದಿಯಕ್ಕ.

“ನನಗೇನೋ ಮನಸ್ಸು ಒಪ್ತಿಲ್ಲ” ಎಂದರು ಪ್ರೊಫೆಸರ್, ಕನ್ನಡಕ ತೆಗೆದು ಒರೆಸುತ್ತ. “ಪಾಠ ಹೇಳಿಸಿದ್ದು ಆ ಪೇಂಟರ್. ಅವರಿಗೇ ಹೋಗಬೇಕಾದ್ದು ನ್ಯಾಯ. ಅವರಿಗೆ ಇದು ನಿಜವಾಗ್ಲೂ ಬೇಕು ಅಂದ್ರೆ ನಾನು ಕಂಪನಿಯವರ ಹತ್ರ ಜಗಳ ಆಡ್ತೀನಿ. ಆದರೆ ಅವರು ಅಂಗಡೀಲಿ ಕೂತು ಮಾಡೋ ಕೆಲಸ ಹಿಡಿದಿದಾರಂತೆ, ಆಸ್ಪತ್ರೆ ಕಾಲೂ ಇದೆ. ಒಂದು ದಿನಾನೂ ತಾನಾಗಿ ಕೇಳ್ದೋರಲ್ಲ. ಬಂದ್ರು, ಮೇಡಂ ಅಂದ್ರು, ನಡೆದ್ರು, ಹೋದ್ರು. ನೀನು ದಿನಾ ಜೊತೆಗಿದ್ದೋಳು. ನಿನಗೆ ಅವರ ಪರಿಚಯ ಚೆನ್ನಾಗಿದೆಯಲ್ಲ? ಹೇಳು, ಅವರಿಗೆ ಅಷ್ಟು ಅಗತ್ಯ ಇದೆಯಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಪುಟ್ಟಿಗೆ ಉಳಿದ ಮಾತೊಂದೂ ಕೇಳಲಿಲ್ಲ. ‘ಪರಿಚಯ ಚೆನ್ನಾಗಿದೆಯಲ್ಲ’ ಎಂಬುದಷ್ಟೇ ಕಿವಿಯಲ್ಲಿ ನಿಂತಿತು. ಗೊತ್ತಾಗಿಹೋಯಿತೇ? ಯಾರು ಹೇಳಿದರು? ಸುದ್ದಿಯಕ್ಕ ಯಾಕೆ ಹಾಗೆ ನೋಡುತ್ತಿದ್ದಾಳೆ? ಬಾಯಿ ತನ್ನಷ್ಟಕ್ಕೆ ತಾನೇ ಮಾತಾಡಿತು.

“ಪರಿಚಯ ಅಂತ ಏನಿಲ್ಲ ಸರ್. ಬರ್ತಾರೆ, ಹೋಗ್ತಾರೆ. ಅವರ ವಿಷಯ ನನಗೆ ಅಷ್ಟು ಗೊತ್ತಿಲ್ಲ.”

“ಅಗತ್ಯ?”

“ಅಂಥ ಅಗತ್ಯ... ಇರಲಿಕ್ಕಿಲ್ಲ ಸರ್.”

ಆಯಿತಲ್ಲ! ‘ಬೇಕು ಸರ್’ ಎನ್ನಲು ತಂಗಿಯೇ ಆಗಬೇಕಿತ್ತೇ? ದಾರಿಹೋಕರು ಕೂಡ ಅನ್ನಬಹುದಿತ್ತು. ನಿನ್ನೆ ಆ ಹಾಲಿನಲ್ಲಿ ನಿಂತು ನಕ್ಕವರಲ್ಲಿ ಯಾರನ್ನು ಕೇಳಿದ್ದರೂ, ಆ ಮನುಷ್ಯ ಏಣಿ ಮೇಲೆ ಹೇಗೆ ಅರಳಿದ ನೋಡಿದಿರಾ, ಅವನಿಗೇ ಕೊಡಿ ಎನ್ನುತ್ತಿದ್ದರು. ಎರಡು ಮಾತು, ಅಷ್ಟೇ. ಯಾರ ಗಂಟೇನು ಹೋಗುತ್ತಿತ್ತು? ಆದರೆ ಅಷ್ಟು ದಿನ ಪರಕೀಯಳ ಹಾಗೆ ಆಡಿ ಆಡಿ, ಪರಕೀಯರು ತೋರಿಸುವಷ್ಟು ಕನಿಕರವನ್ನೂ ತೋರಿಸಲು ಹೆದರುವವಳಾಗಿದ್ದಳು ಈ ಜಾಣೆ.

“ಹಾಗಾದ್ರೆ ಸರಿ, ನನ್ನ ಮನಸ್ಸಿನ ಭಾರ ಇಳೀತು” ಎಂದರು ಪ್ರೊಫೆಸರ್. “ಪೇಂಟರ್‌ಗೆ ಒಂದು ಪ್ರಶಂಸಾಪತ್ರ ಕೊಡೋಣ. ನೀನು ಇವತ್ತೇ ಹಳೇ ಪಾಠ ಅಳಿಸಿ ಹುಡುಗನಿಗೆ ಹೊಂದಿಸೋಕೆ ಶುರು ಮಾಡು. ಮೊದಲು ಮೆಟ್ಟಿಲು ಹತ್ತೋಷ್ಟು ಕಲಿಸಿದ್ರೆ ಸಾಕು. ಪೂರ್ತಿ ಪಾಠ ಆಮೇಲೆ ನಿಧಾನವಾಗಿ ಆಗುತ್ತೆ.”

ಹೊರಗೆ ಬಂದು ಅವಳು ಪಕ್ಕದ ಮೇಜಿನ ಹಿರಿಯ ಸಂಶೋಧಕನ ಮುಂದೆ ಕುಸಿದು ಕೂತಳು. ಪ್ರಯೋಗಾಲಯದಲ್ಲಿ ಎಲ್ಲರಿಗಿಂತ ಹಳಬ ಅವನು. ಹಳೇಹುಲಿ ಎಂದೇ ಹೆಸರು. ಗುಟ್ಟು ಅವನೊಬ್ಬನಿಗೆ ಗೊತ್ತಿತ್ತು. ಅಣ್ಣ ತಂಗಿ ಒಂದೇ ಥರ ಸೀನುತ್ತಾರೆಂದು ಕಂಡುಹಿಡಿದಿದ್ದನಂತೆ.

“ವಾಪಸ್ ಹೋಗಿ ಎಲ್ಲಾ ಹೇಳಿಬಿಡ್ಲಾ?” ಎಂದಳು.

“ಏನಂತ? ನಮ್ಮಣ್ಣ ಅಂತಲಾ? ಆಗ ಅಳತೆಯೆಲ್ಲ ರದ್ದು, ಮನೆಬಳಕೆ ರದ್ದು, ನೀನೂ ರದ್ದು. ನಿನಗೆ ಡಿಗ್ರಿ ಇಲ್ಲ, ಅಣ್ಣನಿಗೆ ಕಾಲಿಲ್ಲ. ತಿರುಗಿ ಬೆಳೆಯುತ್ತಾ ಅವರ ಕಾಲು ನೀನು ಸತ್ಯ ಹೇಳಿದ್ರೆ?”

“ಬೇರೆ ಮಾತು ಹೇಳ್ತೀನಿ. ಪೇಂಟರ್‌ಗೆ ಬೇಕಂತೆ, ಈಗ ಗೊತ್ತಾಯ್ತು ಅಂತ.”

“ಒಂದು ಗಳಿಗೆ ಹಿಂದೆ ಗೊತ್ತಿಲ್ಲ ಅಂದೋಳಿಗೆ ಈಗ ಹೇಗೆ ಗೊತ್ತಾಯ್ತು ಅಂತ ಕೇಳಲ್ವಾ? ಆಡಿದ ಮಾತು, ಒಡೆದ ಮುತ್ತು. ಬಾಯ್ಮುಚ್ಕೊಂಡು ಕೆಲಸ ನೋಡು.” ತನ್ನ ಮೇಜಿನ ಕಡೆ ತಿರುಗಿಕೊಂಡು, “ಅಲ್ಲೇ ಹೇಳಬೇಕಾಗಿತ್ತು ಕೀಲಮ್ಮಾ, ಅಲ್ಲೇ” ಎಂದ.

ಅವಳು ಪಾದವನ್ನು ಮೇಜಿಗೆ ತಂದಳು, ತಂತಿ ಸಿಕ್ಕಿಸಿದಳು. ಅಳಿಸುವ ಮೊದಲು ಅಣ್ಣನ ಪಾಠದ ನಕಲೊಂದನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಳು. ಇಳಿಸಿಕೊಂಡು ಮಾಡುವುದೇನು? ಅಂಥ ಮೋಟಾರು ಕೊಡುವವರು ಅದೇ ಕಂಪನಿಯವರು, ಕೊಟ್ಟದ್ದು ಅದೊಂದನ್ನೇ. ಕಾಲಿಲ್ಲದ ನಡಿಗೆಯನ್ನು ಇಟ್ಟುಕೊಂಡು ಉಪ್ಪಿನಕಾಯಿ ಹಾಕಬೇಕೇ? ‘ಖಚಿತವಾಗಿ ಅಳಿಸಬೇಕೇ?’ ಎಂದು ಪರದೆ ಕೇಳಿತು. ಅದು ಎಲ್ಲರನ್ನೂ ಹಾಗೇ ಕೇಳುತ್ತದೆ. ಹೌದು ಎಂದು ಒತ್ತಿದಳು. ಅಷ್ಟು ತಿಂಗಳ ಬೆವರು ಮುಗಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಅದು ತಾನೇ ಎಂದು ಅವಳಿಗೆ ಆಗ ಅನ್ನಿಸಿತು. ಅನ್ನಿಸಿದರೆ ಬಂದ ಭಾಗ್ಯವೇನು?

ಓಟಗಾರ ಅವತ್ತೇ ಮಧ್ಯಾಹ್ನ ಬಂದ. ಒಳ್ಳೆಯ ಹುಡುಗ, ಅವನನ್ನು ಬೈಯಲೂ ಬಾಯಿ ಬರುವುದಿಲ್ಲ. ಮನೆಯಲ್ಲಿ ಬೇರೆ ಕಾಲು ಇನ್ನೂ ಎರಡಿವೆ ಎಂದ, ಓಡಲು ಒಂದು, ಈಜಲು ಒಂದು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಅವನು ಮೆಟ್ಟಿಲು ಹತ್ತುವಷ್ಟು ಪಾಠವಾಯಿತು. ಸುದ್ದಿಯಕ್ಕ ಒಂದೇ ಮೆಟ್ಟಿಲನ್ನು ಹತ್ತಾರು ಸಲ ಹತ್ತಿಸಿದಳು. ಪಕ್ಕದಲ್ಲಿ ಪುಟ್ಟಿಯನ್ನೂ ನಿಲ್ಲಿಸಿ, “ಸ್ವಲ್ಪ ನಗು ಕೀಲಮ್ಮಾ, ಮುಖ ಗಂಟು ಹಾಕ್ಕೊಂಡ್ರೆ ಯಾರು ನೋಡ್ತಾರೆ?” ಎಂದಳು. ಪುಟ್ಟಿ ನಕ್ಕಳು. “ಸೂಪರ್! ಸಂಜೆಯೊಳಗೆ ಹಾಕಿಬಿಡ್ತೀನಿ” ಎಂದು ಸುದ್ದಿಯಕ್ಕ ಓಡಿದಳು.

ಶುಕ್ರವಾರ ರಾತ್ರಿ ಎಲ್ಲರೂ ಮಲಗಿದ ಮೇಲೆ ಮನೆ ಸೇರಿ, ಬೆಳಿಗ್ಗೆ ಅವರು ಏಳುವ ಮೊದಲೇ ಹೊರಟುಬಿಟ್ಟಿದ್ದಳು ಪುಟ್ಟಿ. ಈ ಸಲವೂ ಮನೆ ಮುಟ್ಟುವವರೆಗೆ ಏನು ಹೇಳುವುದೆಂದು ಅವಳಿಗೆ ಹೊಳೆದಿರಲಿಲ್ಲ. ಅಣ್ಣ ಬಾಗಿಲ ಹೊರಗೆ ಹಳೆಯ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಒಣಗಿ ಗಟ್ಟಿಯಾಗಿದ್ದ ಕೂದಲನ್ನು ಬೆರಳಲ್ಲಿ ಬಿಡಿಸುತ್ತ ಕೂತಿದ್ದ. ಅವಳನ್ನು ಕಂಡದ್ದೇ ಅವಳ ಹಿಂದೆ ಮುಂದೆ ನೋಡಿದ.

“ಎಲ್ಲೇ? ಇವತ್ತು ತರ್ತೀನಿ ಅಂದಿದ್ದೆ?”

“ಮೋಟಾರ್ ಸುಟ್ಟುಹೋಯ್ತು ಅಣ್ಣ.” ಬಾಯಿ ಮತ್ತೆ ತನ್ನಷ್ಟಕ್ಕೇ ಮಾತಾಡಿತು. ರೂಢಿಯಾಗಿಬಿಟ್ಟಿತ್ತು ಅದಕ್ಕೆ.

ಅಣ್ಣನ ಕೈ ಬ್ರಷ್ಷಿನ ಮೇಲೆ ನಿಂತಿತು. “ಸುಟ್ಟೇ ಹೋಯ್ತಾ? ರಿಪೇರಿ ಆಗಲ್ವಾ?”

“ಆಗಲ್ಲ. ಹೊಸದು ಬರೋ ಹಾಗೂ ಇಲ್ಲ.”

ಅವನು ತಲೆ ತಗ್ಗಿಸಿ ಬ್ರಷ್ಷನ್ನು ಮತ್ತೆ ಎಣ್ಣೆಯಲ್ಲಿ ಅದ್ದಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಬೈಯಬಹುದಿತ್ತು, ಹಣೆ ಚಚ್ಚಿಕೊಳ್ಳಬಹುದಿತ್ತು. ತಲೆ ಎತ್ತಿದಾಗ ಅವನ ಮುಖದಲ್ಲಿ ಬೇರೆಯೇ ಗಾಬರಿಯಿತ್ತು.

“ಅಯ್ಯೋ, ಮತ್ತೆ ನಿನ್ನ ಓದು? ಅದು ಸುಟ್ಟುಹೋದ್ರೆ ನಿನ್ನ ಡಿಗ್ರಿಗೆ ತೊಂದ್ರೆ ಆಗಲ್ವಾ? ಅಷ್ಟು ವರ್ಷ ಒದ್ದಾಡಿದೀಯ!”

“ಇಲ್ಲ ಅಣ್ಣ. ಅಳತೆ ಎಲ್ಲ ಮೊದಲೇ ಆಗಿತ್ತು. ನನಗೇನೂ ತೊಂದ್ರೆ ಇಲ್ಲ.”

“ಸದ್ಯ!” ಎಂದ. ನಿಜಕ್ಕೂ ಉಸಿರು ಬಿಟ್ಟು ಹೇಳಿದ. “ಹೋಗ್ಲಿ ಬಿಡು, ನಂದೇನು, ಅಂಗಡಿ ಇದ್ದೇ ಇದೆ. ತಡಿ, ಮೇಸ್ತ್ರಿ ಕಾಯ್ತಿರ್ತಾರೆ, ಹೇಳಿಬಿಡ್ತೀನಿ.”

ಕೈಯೆಲ್ಲ ಎಣ್ಣೆಯಾಗಿದ್ದರಿಂದ ಫೋನನ್ನು ಪಕ್ಕದ ಕಟ್ಟೆಯ ಮೇಲಿಟ್ಟು, ಸ್ಪೀಕರ್ ಹಾಕಿ ಮಾತಾಡಿದ. ಅಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು.

“ಮೇಸ್ತ್ರಿ, ಸೋಮವಾರ ಬರಕ್ಕಾಗಲ್ಲ. ಆ ಕಾಲು ಕೆಟ್ಟುಹೋಯ್ತಂತೆ, ಮೋಟಾರ್ ಸುಟ್ಟಿದೆ. ಏಣಿ ಬೇರೆಯವರಿಗೆ ಕೊಟ್ಬಿಡಿ.”

“ಏನು ಸುಟ್ಟಿದ್ದಯ್ಯಾ?” ಮೇಸ್ತ್ರಿಯ ದನಿ ಬೀದಿಗೆಲ್ಲ ಕೇಳುವಂತಿತ್ತು. “ನೀನು ಹೇಳಿದ್ಯಲ್ಲ ಅಂತ ಈಗ ತಾನೇ ಆ ಪುಟ ತೆಗೆದು ನೋಡ್ದೆ. ಯಾರೋ ಓಟಗಾರ ಹುಡುಗ ಅದನ್ನ ಹಾಕ್ಕೊಂಡು ಜುಮ್ಮಂತ ಮೆಟ್ಟಿಲು ಹತ್ತುತಾ ಇದಾನೆ. ಇವತ್ತಿನದೇ ಅಂತ ಬರೆದಿದೆ. ನಿನ್ನ ತಂಗೀನೂ ಪಕ್ಕದಲ್ಲೇ ನಗ್ತಾ ನಿಂತಿದಾಳಲ್ಲೋ!”

ಅಣ್ಣ ಪುಟ್ಟಿಯನ್ನು ನೋಡಿದ. ಅವಳು ಕಾಲ ಬೆರಳು ನೋಡಿಕೊಳ್ಳುತ್ತಿದ್ದಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ. ಅದು ಯಾವತ್ತು ಬಿಟ್ಟಿದೆ?

“ಹಲೋ? ಏಣಿ, ಇದೀಯೇನಯ್ಯಾ?”

“ಇದೀನಿ ಮೇಸ್ತ್ರಿ.” ಅವನ ದನಿ ಸ್ವಲ್ಪವೂ ಏರಲಿಲ್ಲ, ಇಳಿಯಲಿಲ್ಲ. “ಅದು ಬೇರೆ ಕಾಲಿರಬೇಕು. ಅಲ್ಲಿ ಅಂಥವು ಬೇಕಾದಷ್ಟು ಮಾಡ್ತಾರೆ. ನಮ್ಮದು ಸುಟ್ಟುಹೋಗಿದೆ. ನಮ್ಮ ಪುಟ್ಟಿ ಈಗ ಬಂದು ಹೇಳಿದ್ಲು. ಅವಳು ನನ್ನ ಹತ್ರ ಸುಳ್ಳು ಹೇಳೋಳಲ್ಲ.”

ಮೇಸ್ತ್ರಿ ಇನ್ನೇನೋ ಹೇಳುತ್ತಲೇ ಇದ್ದ. ಅಣ್ಣ ಮೊಣಕೈಯಿಂದ ಒತ್ತಿ ಫೋನು ಆರಿಸಿದ. ಡಬ್ಬದಿಂದ ಬ್ರಷ್ಷುಗಳನ್ನು ಒಂದೊಂದಾಗಿ ಎತ್ತಿ, ಎಣ್ಣೆ ಹಿಂಡಿ, ಗೋಡೆಗೆ ಒರಗಿಸಿದ.

“ಅಮ್ಮಾ, ಅವಳಿಗೆ ಊಟಕ್ಕೆ ಹಾಕು” ಎಂದ, ಅವಳ ಕಡೆ ತಿರುಗದೆ. “ದಣಿದು ಬಂದಿದಾಳೆ.”